ಎಂಟನೇ ಸುತ್ತು: ಒಂದು ಸೋವಿಯತ್ ಲಾಂಛನದ ರಿಪೇರಿ

ಭದ್ರಾವತಿಯಿಂದ ದೊಡ್ಡಮ್ಮ ಒಂದು ಗೋಣಿಚೀಲ ಕಳಿಸಿದ್ದರು. ಒಳಗೆ ಹಳೇ ಸೀರೆಯಲ್ಲಿ ಸುತ್ತಿದ ಪ್ಲಾಸ್ಟರ್ ಫಲಕ. ಜೊತೆಗೆ ಒಂದು ಬಿಸ್ಕತ್ತಿನ ಡಬ್ಬಿ. ಡಬ್ಬಿಯ ತುಂಬ ಬಿಳಿ ಚೂರುಗಳು, ಪುಡಿ.

ಫೋನ್ ಮಾಡಿದೆ. "ತಾನಾಗೇ ಬಿತ್ತು ಕಣೋ, ನಾನು ಮುಟ್ಟಲೂ ಇಲ್ಲ" ಅಂದರು. "ಒಂದು ಚೂರನ್ನೂ ಎಸೆದಿಲ್ಲ. ಗುಡಿಸಿ ಡಬ್ಬಿಗೆ ಹಾಕಿದೀನಿ. ನಿಮ್ಮ ದೊಡ್ಡಪ್ಪ ಇದ್ದಿದ್ರೆ ಅವರೇ ಮಾಡ್ಕೊಳ್ಳೋರು."

ಆ ಫಲಕ ನನಗೆ ಚಿಕ್ಕಂದಿನಿಂದ ಗೊತ್ತು. ಅವರ ನಡುಮನೆಯಲ್ಲಿ ಗಡಿಯಾರದ ಪಕ್ಕ ನೇತಾಡುತ್ತಿತ್ತು. ಮಧ್ಯೆ ಭೂಗೋಳ, ಅದರ ಮೇಲೆ ಸುತ್ತಿಗೆ ಮತ್ತು ಕುಡುಗೋಲು. ಕೆಳಗೆ ಹುಟ್ಟುವ ಸೂರ್ಯ. ಎರಡೂ ಬದಿಗೆ ಗೋಧಿ ತೆನೆಗಳು, ತೆನೆಗಳಿಗೆ ಸುತ್ತಿದ ಕೆಂಪು ರಿಬ್ಬನ್. ನೆತ್ತಿಯ ಮೇಲೆ ಐದು ಮೂಲೆಯ ನಕ್ಷತ್ರ. ಸೋವಿಯತ್ ಒಕ್ಕೂಟದ ರಾಜ್ಯ ಲಾಂಛನ. ದೊಡ್ಡಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಕಲಿತವರು. 1958ರಲ್ಲಿ ಭಿಲಾಯಿಗೆ ಹೋದರು. ಭಿಲಾಯಿ ಉಕ್ಕಿನ ಕಾರ್ಖಾನೆಗೆ ಭಾರತ ಮತ್ತು ಸೋವಿಯತ್ ಒಕ್ಕೂಟ ಸಹಿ ಹಾಕಿದ್ದು 1955ರ ಫೆಬ್ರವರಿಯಲ್ಲಿ. ಮೊದಲ ಊದುಕುಲುಮೆಯನ್ನು 1959ರ ಫೆಬ್ರವರಿ 4ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಉದ್ಘಾಟಿಸಿದಾಗ ದೊಡ್ಡಪ್ಪ ಅಲ್ಲೇ ಇದ್ದರು. 1961ರಲ್ಲಿ ತನ್ನ ದೇಶಕ್ಕೆ ಹೊರಟ ಒಬ್ಬ ಸೋವಿಯತ್ ಫಿಟ್ಟರ್ ಇದನ್ನು ಅವರ ಕೈಗೆ ಕೊಟ್ಟು ಹೋಗಿದ್ದ. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುತ್ತಿರಲಿಲ್ಲ.

ನಾನು ಪಿಒಪಿ ಸೀಲಿಂಗ್ ಕೆಲಸದವರ ಜೊತೆ ನಿಂತು ನಿಂತು ಪ್ಲಾಸ್ಟರ್ ಕಲಿತವನು. ಚಿಕ್ಕಪುಟ್ಟ ಕಾರ್ನಿಸ್, ಹೂಬಳ್ಳಿ ರಿಪೇರಿ ಮಾಡಿದ್ದೇನೆ. ಇಷ್ಟು ನವಿರಾದ ಕೆಲಸಕ್ಕೆ ಕೈ ಹಾಕಿದ್ದು ಇದೇ ಮೊದಲು.

ಯಾಕೆ ಬಿತ್ತು

ಮೊದಲು ಇದನ್ನು ತಿಳಿಯಬೇಕಿತ್ತು. ಸುಮ್ನೆ ಅಂಟಿಸಿದರೆ ಮತ್ತೆ ಬೀಳುತ್ತದೆ, ಅಲ್ವಾ?

ಫಲಕದ ಎತ್ತರ 42 ಸೆಂ.ಮೀ. ಇದ್ದಷ್ಟರ ತೂಕ 3.8 ಕೆ.ಜಿ. ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಕಂದು ಬಣ್ಣದ ಗೆರೆಗಳು. ನೇತುಹಾಕುವ ಕೊಂಡಿಯನ್ನು ಕಬ್ಬಿಣದ ತಂತಿಯಲ್ಲಿ ಮಾಡಿ ಪ್ಲಾಸ್ಟರಿನೊಳಗೆ ಹುದುಗಿಸಿದ್ದರು. ಅದೇ ತಂತಿ ಎಡಗಡೆಯ ತೆನೆಗಳ ಒಳಗೂ ಹೋಗಿತ್ತು. ಸಿಮೆಂಟಿನೊಳಗಿನ ಕಬ್ಬಿಣವನ್ನು ಸಿಮೆಂಟಿನ ಕ್ಷಾರ ಕಾಯುತ್ತದೆ. ಪ್ಲಾಸ್ಟರಿಗೆ ಆ ಗುಣ ಇಲ್ಲ. ಅದು ತೇವ ಹೀರಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಅದು ಉಬ್ಬಿ ಒಳಗಿನಿಂದಲೇ ಪ್ಲಾಸ್ಟರನ್ನು ಸೀಳುತ್ತದೆ. ಭದ್ರಾವತಿಯ ಅರವತ್ತು ಮಳೆಗಾಲ ಕಂಡ ತಂತಿ ಅದು. ಕೊನೆಗೆ ಕೊಂಡಿ ಕಿತ್ತು ಬಂದಿತ್ತು, ಎಡಭಾಗ ನೆಲಕ್ಕೆ ಬಡಿದು ಪುಡಿಯಾಗಿತ್ತು.

ಇದರ ಮೇಲೆ ಹಿಂದೆ ಯಾರೋ ವೈಟ್ ಸಿಮೆಂಟ್ ಮೆತ್ತಿದ್ದರು. ಅದನ್ನು ಕೆರೆದು ತೆಗೆಯಲು ಒಂದಿಡೀ ಭಾನುವಾರ ಹೋಯಿತು. ಸಿಮೆಂಟ್ ಗಟ್ಟಿ, ಪ್ಲಾಸ್ಟರ್ ಮೆತ್ತಗೆ. ಸ್ವಲ್ಪ ಒತ್ತಿದರೂ ಉಳಿಯ ತುದಿ ಹಳೆಯದರೊಳಗೆ ಇಳಿಯುತ್ತದೆ. ಕೈ ನೋಯುವಷ್ಟು ನಿಧಾನ ಮಾಡಿದೆ. ತಂತಿಯನ್ನು ಸಣ್ಣ ಡ್ರಿಲ್ ಬಿಟ್ಟಿನಿಂದ ಸುತ್ತಲೂ ಸಡಿಲಿಸಿ ಎಳೆದು ತೆಗೆದೆ.

ಧೂಳನ್ನು ಒಣ ಬ್ರಷ್ಷಿನಲ್ಲೇ ತೆಗೆದೆ, ಉಳಿದ ಕೊಳೆಯನ್ನು ಮೆತ್ತನೆ ರಬ್ಬರಿನಿಂದ ಒರೆಸಿದೆ. ನೀರು ಮುಟ್ಟಿಸಲಿಲ್ಲ. ಗಟ್ಟಿಯಾದ ಪ್ಲಾಸ್ಟರ್ ಅಂದರೆ ಜಿಪ್ಸಮ್, ಅದು ನೀರಿನಲ್ಲಿ ಸ್ವಲ್ಪ ಕರಗುತ್ತದೆ, ಲೀಟರಿಗೆ ಸುಮಾರು 2 ಗ್ರಾಂ. ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ರಿಬ್ಬನ್ನಿನ ಮೇಲಿನ ಅಕ್ಷರಗಳೇ ಸವೆದುಹೋಗುತ್ತವೆ. ಇದರಲ್ಲಿ ಅಕ್ಷರಗಳೇ ಮುಖ್ಯ ಅಂತ ನನಗೆ ಆಗ ಇನ್ನೂ ಗೊತ್ತಿರಲಿಲ್ಲ.

ಏಳೋ ಎಂಟೋ

ಬಲಭಾಗ ಪೂರ್ತಿ ಉಳಿದಿತ್ತು. ರಿಬ್ಬನ್ ತೆನೆಗಳನ್ನು ಏಳು ಸಲ ಸುತ್ತಿತ್ತು. ಕೆಳಗೆ ನಡುವೆ ಒಂದು ಸುತ್ತು. ಎಡಗಡೆ ಕೆಳಗಿನ ಎರಡು ಸುತ್ತು ಮಾತ್ರ ಉಳಿದಿದ್ದವು. ಅದರ ಮೇಲೆಲ್ಲ ಖಾಲಿ.

ಬಲಗಡೆ ಏಳಿದ್ದರೆ ಎಡಗಡೆಯೂ ಏಳೇ ಇರಬೇಕು ಅಂದುಕೊಂಡೆ. ಪೆನ್ಸಿಲಿನಲ್ಲಿ ಗುರುತು ಹಾಕಲು ಶುರು ಮಾಡಿದೆ. ಹೊಂದಲಿಲ್ಲ. ಬಲಗಡೆ ಒಂದು ಸುತ್ತಿನ ನಡುವಿನಿಂದ ಇನ್ನೊಂದರ ನಡುವಿಗೆ 56 ಮಿ.ಮೀ. ಎಡಗಡೆ ಉಳಿದ ಎರಡರಲ್ಲಿ ಅದೇ ಅಂತರ 49 ಮಿ.ಮೀ. ಕೈತಪ್ಪಿನಿಂದ ಇಷ್ಟು ವ್ಯತ್ಯಾಸ ಬರುವುದಿಲ್ಲ. ಕೆಳಗಿನ ನಡುಸುತ್ತಿನಿಂದ ಬಲಗಡೆಯ ಮೇಲಿನ ಸುತ್ತಿಗೆ ಒಟ್ಟು 392 ಮಿ.ಮೀ. ಅದನ್ನು 49ರಿಂದ ಭಾಗಿಸಿದರೆ 8.

ಎಡಗಡೆ ಎಂಟು, ಬಲಗಡೆ ಏಳು, ಕೆಳಗೆ ಒಂದು. ಒಟ್ಟು 16. ಆದರೆ ಸೋವಿಯತ್ ಒಕ್ಕೂಟದಲ್ಲಿ ಗಣರಾಜ್ಯಗಳು 15 ಅಂತ ನಾವೆಲ್ಲ ಶಾಲೆಯಲ್ಲಿ ಓದಿದವರು. ಪ್ರತಿ ಗಣರಾಜ್ಯದ ಭಾಷೆಗೆ ಒಂದು ಸುತ್ತು. ಹಾಗಾದರೆ ಈ ಹೆಚ್ಚಿನ ಒಂದು ಯಾರದು?

ರಿಪೇರಿ ಮೂರು ವಾರ ಅಲ್ಲಿಗೇ ನಿಂತಿತು. ಓದಲು ಕೂತೆ.

ಈ ಲಾಂಛನವನ್ನು ಒಪ್ಪಿಕೊಂಡದ್ದು 1923ರ ಜುಲೈ 6ರಂದು. ಕೊನೆಯ ರೂಪ ಕೊಟ್ಟವನು ಇವಾನ್ ದುಬಾಸೊವ್, ನೋಟು ಮುದ್ರಿಸುವ ಗೊಜ್ನಾಕ್ ಸಂಸ್ಥೆಯ ಕಲಾವಿದ. ಸುತ್ತಿಗೆ ಕುಡುಗೋಲಿನ ಜೋಡಿ ಅದಕ್ಕಿಂತ ಹಳೆಯದು. 1918ರ ಮೇ ದಿನಕ್ಕೆ ಮಾಸ್ಕೋದ ಬೀದಿ ಅಲಂಕರಿಸಲು ಯೆವ್ಗೇನಿ ಕಮ್‌ಝೊಲ್ಕಿನ್ ಎಂಬ ಚಿತ್ರಕಾರ ಬರೆದದ್ದು. ಸುತ್ತಿಗೆ ಕಾರ್ಖಾನೆಯವನದು, ಕುಡುಗೋಲು ಹೊಲದವನದು. ಅದೇ ವರ್ಷ ರಷ್ಯಾ ಗಣರಾಜ್ಯದ ಲಾಂಛನದ ಕರಡಿನಲ್ಲಿ ಒಂದು ಕತ್ತಿಯೂ ಇತ್ತು. ಲೆನಿನ್ ಅದನ್ನು ತೆಗೆಸಿದ. ಒಬ್ಬ ಕಮ್ಮಾರನ ಉಪಕರಣ, ಒಬ್ಬ ರೈತನ ಉಪಕರಣ ಎರಡೇ ಉಳಿದವು. ನನಗೆ ಈ ಲಾಂಛನದಲ್ಲಿ ತುಂಬ ಇಷ್ಟವಾಗುವುದು ಇದೇ. ಸಿಂಹ, ಹದ್ದು, ಕಿರೀಟ ಯಾವುದೂ ಇಲ್ಲ. ಎರಡೂ ನಮ್ಮ ಮನೆಯಲ್ಲಿ ಇದ್ದ ಸಾಮಾನುಗಳೇ.

ಭೂಗೋಳದ ಮೇಲೆ ದೇಶದ ಗಡಿ ಇಲ್ಲ. ಕ್ರಾಂತಿ ಲೋಕಕ್ಕೆಲ್ಲ ಹಬ್ಬುತ್ತದೆ ಎಂಬ 1923ರ ನಂಬಿಕೆ ಅದರಲ್ಲಿದೆ. ಆ ನಂಬಿಕೆ ಹೋದ ಮೇಲೂ ಭೂಗೋಳ ಹಾಗೇ ಉಳಿಯಿತು. ಬದಲಾಗುತ್ತಾ ಹೋದದ್ದು ರಿಬ್ಬನ್ ಮಾತ್ರ.

ರಿಬ್ಬನ್ನಿನ ಮೇಲೆ ಇರುವುದು ಒಂದೇ ವಾಕ್ಯ, 'ಎಲ್ಲ ದೇಶಗಳ ಕಾರ್ಮಿಕರೇ, ಒಂದಾಗಿ'. ಶುರುವಿನಲ್ಲಿ 6 ಭಾಷೆಗಳಲ್ಲಿತ್ತು: ರಷ್ಯನ್, ಉಕ್ರೇನಿಯನ್, ಬೆಲರೂಸಿಯನ್, ಜಾರ್ಜಿಯನ್, ಅರ್ಮೇನಿಯನ್, ಅಜರ್‌ಬೈಜಾನಿ. 1936ರ ಸಂವಿಧಾನದ ಹೊತ್ತಿಗೆ ಗಣರಾಜ್ಯಗಳು 11 ಆದವು, ಸುತ್ತುಗಳೂ 11 ಆದವು. 1940ರಲ್ಲಿ ಇನ್ನೂ ಐದು ಸೇರಿ 16 ಆದವು. ನಡುವೆ ಯುದ್ಧ ಬಂತು. ಲಾಂಛನ ಬದಲಾಗಿದ್ದು 1946ರಲ್ಲಿ.

ಸಂಖ್ಯೆ ಮಾತ್ರ ಅಲ್ಲ, ಲಿಪಿಗಳೂ ಬದಲಾದವು. ಅಜರ್‌ಬೈಜಾನಿ ವಾಕ್ಯ 1923ರಲ್ಲಿ ಅರಬ್ಬೀ ಲಿಪಿಯಲ್ಲಿತ್ತು. 1937ರ ರಿಬ್ಬನ್ನಿನಲ್ಲಿ ರೋಮನ್ ಲಿಪಿ. 1946ರಲ್ಲಿ ಸಿರಿಲಿಕ್, ಅಂದರೆ ರಷ್ಯನ್ ಬರೆಯುವ ಲಿಪಿ. ಅಂದರೆ 1923ರಲ್ಲಿ ಈ ವಾಕ್ಯ ಓದಿದ ಅಜ್ಜ, 1946ರಲ್ಲಿ ಅದೇ ಭಾಷೆಯ ಅದೇ ವಾಕ್ಯದ ಮುಂದೆ ಅಕ್ಷರ ಬಾರದವನಾಗಿ ನಿಲ್ಲಬೇಕು. ಓದುವಾಗ ನನಗೆ ನಮ್ಮ ಲಿಪಿ ನೆನಪಾಗಿ ಹೊಟ್ಟೆಯೊಳಗೆ ಕಲಕಿದ ಹಾಗಾಯಿತು. ಸಿರಿಲಿಕ್ ಬಿಟ್ಟರೆ ಜಾರ್ಜಿಯನ್ ಮತ್ತು ಅರ್ಮೇನಿಯನ್ ಲಿಪಿಗಳು ಮಾತ್ರ ಶುರುವಿನಿಂದ ಕೊನೆಯವರೆಗೂ ತಮ್ಮ ಜಾಗ ಬಿಡಲಿಲ್ಲ.

ಆ ಹದಿನಾರನೆಯದು ಕರೇಲೋ-ಫಿನ್ನಿಷ್ ಗಣರಾಜ್ಯ. ಸೋವಿಯತ್ ಒಕ್ಕೂಟ 1939ರ ನವೆಂಬರಿನಲ್ಲಿ ಫಿನ್‌ಲ್ಯಾಂಡಿನ ಮೇಲೆ ಯುದ್ಧ ಮಾಡಿತು. 1940ರ ಮಾರ್ಚಿನಲ್ಲಿ ಆ ಯುದ್ಧ ಮುಗಿದಾಗ ಫಿನ್‌ಲ್ಯಾಂಡಿನಿಂದ ಪಡೆದ ನೆಲದ ಬಹುಪಾಲನ್ನು ಕರೇಲಿಯಾಕ್ಕೆ ಸೇರಿಸಿ, ಅದೇ ತಿಂಗಳ 31ರಂದು ಹೊಸ ಗಣರಾಜ್ಯ ಮಾಡಿದರು. ರಾಜಧಾನಿ ಪೆತ್ರೊಜವೊದ್ಸ್ಕ್. ಅಲ್ಲಿ ರಷ್ಯನ್ನರೇ ಹೆಚ್ಚು, ಕರೇಲಿಯನ್ನರು ಮತ್ತು ಫಿನ್ನರು ಕಡಿಮೆ. 1956ರ ಜುಲೈ 16ರಂದು ಅದರ ಸ್ಥಾನ ಇಳಿಸಿ ಮತ್ತೆ ರಷ್ಯಾದೊಳಗೆ ಸೇರಿಸಿದರು. ಅದೇ ಸೆಪ್ಟೆಂಬರಿನಲ್ಲಿ ಲಾಂಛನದಿಂದ ಒಂದು ಸುತ್ತು ಬಿಚ್ಚಿದರು. ಅಲ್ಲಿಂದ 1991ರಲ್ಲಿ ಒಕ್ಕೂಟ ಮುಗಿಯುವವರೆಗೆ 15.

ಓದಿದ್ದು ಸಾಕಾಗಲಿಲ್ಲ, ಕಣ್ಣಿಂದ ನೋಡಬೇಕಿತ್ತು. ಬೆಂಗಳೂರಿನಲ್ಲಿ ಹಳೇ ನಾಣ್ಯ ಮಾರುವವರ ಹತ್ತಿರ ಎರಡು ಸೋವಿಯತ್ 20 ಕೊಪೆಕ್ ನಾಣ್ಯ ಕೊಂಡೆ. ಒಂದು 1954ರದು, ಇನ್ನೊಂದು 1957ರದು. ಭೂತಗನ್ನಡಿ ಹಿಡಿದು ಎಣಿಸಿದೆ. 1957ರದರಲ್ಲಿ ಎಡಕ್ಕೆ ಏಳು, ಬಲಕ್ಕೆ ಏಳು, ಕೆಳಗೆ ಒಂದು. 1954ರದರಲ್ಲಿ ಎಡಕ್ಕೆ ಎಂಟು, ಬಲಕ್ಕೆ ಏಳು, ಕೆಳಗೆ ಒಂದು. ನನ್ನ ಫಲಕದ ಬಲಭಾಗ ಎರಡಕ್ಕೂ ಹೊಂದುತ್ತದೆ! ಸರಿಯಾಗಿ ಉತ್ತರ ಇದ್ದ ಭಾಗವೇ ಒಡೆದಿತ್ತು.

ಡಬ್ಬಿ

ಅಳತೆ ಎಂಟು ಅನ್ನುತ್ತಿತ್ತು. ಉಡುಗೊರೆ ಕೊಟ್ಟ ವರ್ಷ 1961, ಅದು ಏಳು ಅನ್ನುತ್ತಿತ್ತು. ತೀರ್ಮಾನಕ್ಕೆ ಡಬ್ಬಿ ಬಿಟ್ಟು ಬೇರೆ ದಾರಿ ಇರಲಿಲ್ಲ.

ಚೂರುಗಳನ್ನು ಕಪ್ಪು ಬಟ್ಟೆಯ ಮೇಲೆ ಹರಡಿದೆ. ಹಿಟ್ಟಿನ ಜರಡಿಯಲ್ಲಿ ಪುಡಿ ಬೇರೆ ಮಾಡಿದೆ. 60ಕ್ಕೂ ಹೆಚ್ಚು ಚೂರು ಸಿಕ್ಕವು. ಕೆಂಪು ಬಣ್ಣ ಇದ್ದವು ರಿಬ್ಬನ್ನಿನವು, ಅವು 19. ಹೆಚ್ಚಿನವು ಉಗುರಿನಷ್ಟು. ಟಾರ್ಚನ್ನು ಪಕ್ಕದಿಂದ ಹಿಡಿದರೆ ಅಕ್ಷರಗಳ ನೆರಳು ಏಳುತ್ತದೆ. ಒಂದು ಚೂರಿನಲ್ಲಿ ದುಂಡನೆಯ, ಕೊಕ್ಕೆ ಕೊಕ್ಕೆಯಾದ ಅಕ್ಷರಗಳು. ಒಂದು ಕ್ಷಣ ಕನ್ನಡವೇನೋ ಅನ್ನಿಸಿತು. ಅದು ಜಾರ್ಜಿಯನ್.

ಹನ್ನೊಂದನೆಯ ಚೂರು. ರೋಮನ್ ಅಕ್ಷರಗಳು. 'ಎ' ಅಕ್ಷರ ಎರಡು ಒಟ್ಟೊಟ್ಟಿಗೆ ನಿಂತಿವೆ, ಎರಡರ ತಲೆಯ ಮೇಲೂ ಎರಡೆರಡು ಚುಕ್ಕೆ. ಅವುಗಳ ಹಿಂದೆ ಒಂದು 'ಕೆ'. ಲಿಥುವೇನಿಯನ್, ಲ್ಯಾಟ್ವಿಯನ್, ಎಸ್ಟೋನಿಯನ್ ವಾಕ್ಯಗಳಲ್ಲಿ ಈ ಜೋಡಿ ಎಲ್ಲೂ ಇಲ್ಲ. ಎಸ್ಟೋನಿಯನ್ ಹೇಗೂ ಬಲಗಡೆಯಲ್ಲಿ ಪೂರ್ತಿ ಉಳಿದಿದೆ. ಈ ಜೋಡಿ ಇರುವುದು ಫಿನ್ನಿಷ್ ಭಾಷೆಯ 'ಒಂದಾಗಿ' ಎಂಬ ಪದದ ಕೊನೆಯಲ್ಲಿ.

ರಾತ್ರಿ ಹನ್ನೊಂದಾಗಿತ್ತು. ಆ ಚೂರನ್ನು ಅಂಗೈಯಲ್ಲಿ ಇಟ್ಟುಕೊಂಡು ಸುಮಾರು ಹೊತ್ತು ಕೂತೆ. ಈ ಫಲಕದ ಅಚ್ಚು 1946ರಿಂದ 1956ರ ನಡುವಿನದು. 1961ರಲ್ಲಿ ಭಿಲಾಯಿಯ ಒಂದು ಕ್ವಾರ್ಟರ್ಸಿನಲ್ಲಿ ಕೈ ಬದಲಾದಾಗ ಅದರಲ್ಲಿದ್ದ ಒಂದು ಗಣರಾಜ್ಯ ಆಗಲೇ ಇಲ್ಲವಾಗಿ ಐದು ವರ್ಷ ಕಳೆದಿತ್ತು.

ಒಬ್ಬ ಗೆಳೆಯ 15 ಸುತ್ತು ಮಾಡು ಅಂದ. ಎಲ್ಲರೂ ಗುರುತಿಸುವುದು ಅದನ್ನೇ, ನೋಡಲೂ ಎರಡು ಕಡೆ ಸಮ ಇರುತ್ತದೆ ಅಂದ. ನನಗೆ ಮನಸ್ಸು ಬರಲಿಲ್ಲ. ಮಾಸ್ಕೋದ ವಸ್ತುಪ್ರದರ್ಶನ ಮೈದಾನದಲ್ಲಿ 1954ರಲ್ಲಿ ತೆರೆದ 'ಜನಗಳ ಸ್ನೇಹ' ಕಾರಂಜಿ ಇದೆ. ಸುತ್ತಲೂ 16 ಗಣರಾಜ್ಯಗಳಿಗೆ 16 ಹೆಣ್ಣುಮಕ್ಕಳ ಚಿನ್ನದ ಬಣ್ಣದ ಪ್ರತಿಮೆಗಳು. ಕರೇಲೋ-ಫಿನ್ನಿಷ್ ಹುಡುಗಿ ಇವತ್ತಿಗೂ ಅಲ್ಲೇ ನಿಂತಿದ್ದಾಳೆ. ಸರ್ಕಾರವೇ ಅಲ್ಲಿ ಬಿಟ್ಟಿರುವುದನ್ನು ನಾನು ಭದ್ರಾವತಿಯ ಗೋಡೆಯಿಂದ ಅಳಿಸಲು ಯಾರು?

ತೆನೆ ಎರಕ

ಬಲಭಾಗದ ಅಚ್ಚು ತೆಗೆದು ಎಡಕ್ಕೆ ಹಾಕಲು ಬರುವುದಿಲ್ಲ. ಬಲಗಾಲಿನ ಚಪ್ಪಲಿ ಎಡಗಾಲಿಗೆ ಅನ್ನುವ ಹಾಗೆ, ಬಾಗು ಉಲ್ಟಾ ಆಗುತ್ತದೆ. ಆದರೆ ಒಂದೊಂದೇ ತೆನೆ ನೋಡಿದರೆ ಎರಡು ಪಕ್ಕ ಹೆಚ್ಚುಕಮ್ಮಿ ಒಂದೇ ಥರ. ಹಾಗಾಗಿ ಬಿಡಿ ತೆನೆಗಳ ಅಚ್ಚು ತೆಗೆದು, ಎರಕ ಹೊಯ್ದು, ಎಡಗಡೆಯ ಬಾಗಿಗೆ ಜೋಡಿಸುವುದು ಅಂತ ತೀರ್ಮಾನಿಸಿದೆ.

ಅಚ್ಚಿಗೆ ಹಲ್ಲಿನ ಡಾಕ್ಟರುಗಳು ಬಳಸುವ ಆಲ್ಜಿನೇಟ್ ಪುಡಿ ತಂದೆ. ಹಳೆಯ ಮೈಗೆ ಮೊದಲು ಸ್ಪಿರಿಟ್ಟಿನಲ್ಲಿ ತೆಳ್ಳಗೆ ಕರಗಿಸಿದ ಅರಗು ಬಳಿದೆ. ಇಲ್ಲದಿದ್ದರೆ ಪ್ಲಾಸ್ಟರ್ ಆಲ್ಜಿನೇಟಿನ ನೀರು ಹೀರುತ್ತದೆ. ಕಲಸಿ ಒತ್ತಿದರೆ ಮೂರು ನಿಮಿಷಕ್ಕೆ ರಬ್ಬರಿನ ಹಾಗೆ ಗಟ್ಟಿಯಾಗುತ್ತದೆ. ಮೊದಲ ಸಲ ಅಚ್ಚು ತೆಗೆದು ಬೆಳಿಗ್ಗೆ ಎರಕ ಹೊಯ್ಯೋಣ ಅಂತ ಮಲಗಿದೆ. ಬೆಳಿಗ್ಗೆ ಅಚ್ಚು ಒಣಗಿ ಕುಗ್ಗಿತ್ತು. ಅದರಲ್ಲಿ ಹೊಯ್ದ ತೆನೆಗಳು ಹಳೆಯವುಗಳ ಪಕ್ಕ ಸಣಕಲಾಗಿ ಕಂಡವು. ಆಲ್ಜಿನೇಟ್ ಅಚ್ಚಿಗೆ ಕಾಲು ಗಂಟೆಯೊಳಗೆ ಹೊಯ್ದುಬಿಡಬೇಕು. ಎರಡನೇ ಸಲ ಹಾಗೇ ಮಾಡಿದೆ, ಅಳತೆ ಸರಿಬಂತು.

ಪ್ಲಾಸ್ಟರ್ ಕಲಸುವಾಗ ನೀರಿಗೆ ಪುಡಿ ಉದುರಿಸಬೇಕು, ಪುಡಿಗೆ ನೀರು ಹಾಕಬಾರದು. 100 ಗ್ರಾಂ ಪುಡಿಗೆ 65 ಗ್ರಾಂ ನೀರು ಇಟ್ಟುಕೊಂಡೆ. ಉದುರಿಸಿ ಒಂದು ನಿಮಿಷ ಸುಮ್ಮನೆ ಬಿಟ್ಟು, ಗುಳ್ಳೆ ಏಳದ ಹಾಗೆ ನಿಧಾನ ತಿರುಗಿಸಬೇಕು. ತೆನೆಯ ಮುಳ್ಳಿನಂಥ ತುದಿಗಳಿಗೆ ಮೊದಲು ಬ್ರಷ್ಷಿನಲ್ಲಿ ತೆಳ್ಳಗೆ ಹಚ್ಚಿ, ಆಮೇಲೆ ತುಂಬಿದೆ. ಗಟ್ಟಿಯಾಗುವಾಗ ಅಚ್ಚು ಬೆಚ್ಚಗಾಗುತ್ತದೆ. ಆ ಬಿಸಿ ಆರುವವರೆಗೆ ಕೈ ಹಾಕಬಾರದು.

ತಂತಿಗೆ ಈ ಸಲ 1.5 ಮಿ.ಮೀ. ಹಿತ್ತಾಳೆ. ಹಳೆಯ ಅಂಚಿನಲ್ಲಿ ಆರು ತೂತು ಕೊರೆದು, ತಂತಿ ನಿಲ್ಲಿಸಿ, ಅರಾಲ್ಡೈಟ್ ಅಂಟು ಹಾಕಿದೆ. ಹಳೆ ಪ್ಲಾಸ್ಟರಿನ ಒಡೆದ ಅಂಚನ್ನು ಬ್ರಷ್ಷಿನಲ್ಲಿ ಒಂದಿಷ್ಟೇ ಒದ್ದೆ ಮಾಡಿದೆ. ಒಣಗಿದ ಹಳೆ ಪ್ಲಾಸ್ಟರ್ ಹೊಸದರ ನೀರನ್ನು ಒಂದೇ ಸಲಕ್ಕೆ ಕುಡಿದುಬಿಟ್ಟರೆ ಸೇರುವ ಜಾಗ ಪುಡಿ ಪುಡಿಯಾಗುತ್ತದೆ. ಶುರುವಿನಲ್ಲಿ ನೀರು ಬೇಡ ಅಂದವನು ಇಲ್ಲಿ ನೀರು ಹಚ್ಚಬೇಕಾಯಿತು. ಲೆಕ್ಕ ಇಷ್ಟೇ: ಅಂಚಿಗೆ ಮಾತ್ರ, ಮೈಗೆ ಇಲ್ಲ.

ಸುತ್ತುಗಳನ್ನು ಎರಕ ಹೊಯ್ಯಲಿಲ್ಲ, ಕೈಯಲ್ಲೇ ಕಟ್ಟಿದೆ. ಆರು ಸುತ್ತು, ಒಂದೊಂದರ ನಡುವೆ 49 ಮಿ.ಮೀ. ಸಿಕ್ಕ ಚೂರುಗಳನ್ನು ಅವವುಗಳ ಜಾಗದಲ್ಲಿ ಕೂರಿಸಿ ಸುತ್ತಲೂ ಹೊಸ ಪ್ಲಾಸ್ಟರ್ ತುಂಬಿದೆ. ಫಿನ್ನಿಷ್ ಚೂರು ತುತ್ತತುದಿಗೆ ಹೋಯಿತು. ಅದರ ಒಂದು ಅಂಚಿನಲ್ಲಿ ತೆನೆಯ ಮೊನೆ ಅಂಟಿಕೊಂಡಿದ್ದರಿಂದ ಜಾಗದ ಬಗ್ಗೆ ಅನುಮಾನ ಉಳಿಯಲಿಲ್ಲ.

ಅಕ್ಷರ ಕೆತ್ತಲು ಪ್ಲಾಸ್ಟರ್ ಬೆಣ್ಣೆಗಿಂತ ಗಟ್ಟಿ, ಸೀಮೆಸುಣ್ಣಕ್ಕಿಂತ ಮೆತ್ತಗೆ ಇರುವ ಹೊತ್ತು ಹಿಡಿಯಬೇಕು. ಇಪ್ಪತ್ತು ನಿಮಿಷ ಸಿಗುತ್ತದೆ. ಅಕ್ಷರದ ಎತ್ತರ ಎರಡೂವರೆ ಮಿ.ಮೀ. ಸೂಜಿಯನ್ನು ಪೆನ್ಸಿಲ್ ಹಿಡಿಗೆ ಕಟ್ಟಿ, ಪ್ಲಾಸ್ಟರ್ ಬಿಲ್ಲೆಗಳ ಮೇಲೆ ನಾಲ್ಕು ದಿನ ಅಭ್ಯಾಸ ಮಾಡಿದೆ. ರೋಮನ್ ಲಿಪಿಯ ಮೂರು ಸುತ್ತು ಮಾತ್ರ ಬರೆದೆ: ಲಿಥುವೇನಿಯನ್, ಲ್ಯಾಟ್ವಿಯನ್, ಫಿನ್ನಿಷ್. ಜಾರ್ಜಿಯನ್ ಸುತ್ತಿನಲ್ಲಿ ಹಳೆ ಚೂರು ಎಷ್ಟು ಕೊಟ್ಟಿತೋ ಅಷ್ಟೇ ಇದೆ. ತಾಜಿಕ್ ಮತ್ತು ತುರ್ಕ್‌ಮೆನ್ ಸುತ್ತುಗಳನ್ನು ಖಾಲಿ ಬಿಟ್ಟಿದ್ದೇನೆ. ಅಕ್ಷರ ಅಕ್ಷರ ನೋಡಿ ಬರೆಯಬಹುದಿತ್ತು. ಆದರೆ ಓದಲು ಬಾರದ ಕೈ ಒಂದು ಗೆರೆ ತಪ್ಪಿದರೆ ಪದವೇ ಬೇರೆಯಾಗುತ್ತದೆ. ಕನ್ನಡದ ಬೋರ್ಡುಗಳನ್ನು ಕನ್ನಡ ಬಾರದವರು ಬರೆದಾಗ ನಮಗೆ ಹೇಗಾಗುತ್ತದೆ ಅಂತ ನನಗೆ ಗೊತ್ತು. ಸಿರಿಲಿಕ್ ಕಲಿಯಲು ಶುರು ಮಾಡಿದ್ದೇನೆ. ಕಲಿತ ಮೇಲೆ ಕೆತ್ತುತ್ತೇನೆ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ವಾರ ಒಣಗಿಸಿ, ಅರಗು ಬಳಿದು, ಹಳೆಯ ಚಿನ್ನದ ಬಣ್ಣ ಕಂದಿರುವಷ್ಟೇ ಕಂದು ಬೆರೆಸಿ ಹಚ್ಚಿದೆ. ಹೊಸ ರಿಬ್ಬನ್ನಿನ ಕೆಂಪನ್ನು ಹಳೆಯದಕ್ಕಿಂತ ಒಂದು ಛಾಯೆ ತಿಳಿ ಇಟ್ಟೆ. ದೂರದಿಂದ ಗೊತ್ತಾಗುವುದಿಲ್ಲ. ಹತ್ತಿರ ಬಂದರೆ ಯಾವುದು ಹಳೆಯದು, ಯಾವುದು ನನ್ನದು ಅಂತ ಕಾಣಬೇಕು.

ಹಿಂಬದಿಗೆ ಹಿತ್ತಾಳೆ ಪಟ್ಟಿ ಕೂರಿಸಿದೆ. ಭಾರ ಒಂದೇ ಕೊಂಡಿಯ ಮೇಲೆ ಬೀಳದ ಹಾಗೆ ಎರಡು ಕೊಂಡಿ. ಗೋಡೆಗೆ ತಾಗದಂತೆ ನಾಲ್ಕು ಮೂಲೆಗೆ ರಬ್ಬರ್ ಬಿಲ್ಲೆ, ಹಿಂದೆ ಗಾಳಿ ಆಡಲಿ ಅಂತ. ಈಗ ತೂಕ 4.6 ಕೆ.ಜಿ.

ಕಳೆದ ಶನಿವಾರ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಭದ್ರಾವತಿಗೆ ಒಯ್ದೆ. ಹಳೆ ಮೊಳೆ ತೆಗೆದು ಎರಡು ಸ್ಟೀಲ್ ಸ್ಕ್ರೂ ಹಾಕಿ, ಅದೇ ಗಡಿಯಾರದ ಪಕ್ಕ ನೇತುಹಾಕಿದೆ. ದೊಡ್ಡಮ್ಮ ಕುರ್ಚಿ ಹತ್ತಿರ ಎಳೆದುಕೊಂಡು, ಕನ್ನಡಕ ಸರಿಮಾಡಿಕೊಂಡು ನೋಡಿದರು. ತುದಿಯ ಸುತ್ತಿನ ಮೇಲೆ ಬೆರಳಿಟ್ಟು, "ಇಲ್ಲಿ ಏನು ಬರೆದಿದೆ?" ಅಂದರು.

"ಫಿನ್ನಿಷ್ ಭಾಷೆ ದೊಡ್ಡಮ್ಮ. ಒಂದಾಗಿ ಅಂತ."

"ಮತ್ತೆ ಈ ಎರಡು ಖಾಲಿ?"

"ಅವು ಬಾಕಿ ಇವೆ."

"ಮಳೆಗಾಲಕ್ಕೆ ಮುಂಚೆ ಬಂದು ಬರಿ" ಅಂದು ಡಬ್ಬಿ ಕೇಳಿದರು. ಉಳಿದ ಚೂರುಗಳು ಅದರಲ್ಲೇ ಇದ್ದವು. ಮುಚ್ಚಳ ಒತ್ತಿ ಬೀರುವಿನೊಳಗೆ ಇಟ್ಟರು.